ಅತ್ತಿಗೆಯ ಪಿಂಚಣಿಯೂ ಒಂದು ಅಕ್ಷರದ ತಕರಾರೂ

ನಮ್ಮ ಮಡಕಶಿರಾ ಸೀಮೆಯಲ್ಲಿ ಕನ್ನಡ ಮೇಷ್ಟ್ರೊಬ್ಬರು ನಿವೃತ್ತರಾಗುವ ದಿನವೆಂದರೆ ಊರಿಗೇ ಒಂದು ಸಣ್ಣ ಜಾತ್ರೆ. ತಿಂಗಳ ಕೊನೆಯ ದಿನ, ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು, ಸೇವಂತಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ. ಮಂಡಲದಿಂದ ಬಂದ ಅಧಿಕಾರಿಗಳು ತೆಲುಗಿನಲ್ಲಿ ಹೊಗಳುತ್ತಾರೆ, ಹಳೇ ಶಿಷ್ಯರು ಕನ್ನಡದಲ್ಲಿ ಕಣ್ಣೀರು ಹಾಕುತ್ತಾರೆ. ನನ್ನನ್ನು ಕರೆದು ಒಂದು ಸೀಸ ಪದ್ಯ, ಒಂದು ಭಾಮಿನಿ ಷಟ್ಪದಿ ಹೇಳಿಸುವುದು ಈ ಇಪ್ಪತ್ತು ವರ್ಷದ ರೂಢಿ. ಅಗಳಿ, ಅಮರಾಪುರ, ರೊಳ್ಳ, ಗುಡಿಬಂಡೆ ಕಡೆಯ ಇಂಥ ಸಭೆಗಳಲ್ಲಿ ನಾನು ಹೇಳಿದ ಪದ್ಯಗಳನ್ನು ಕೂಡಿಸಿದರೆ ಒಂದು ಪುಸ್ತಕವಾದೀತು. ಆದರೆ ಅಷ್ಟೂ ಸಭೆಗಳಲ್ಲಿ ಯಾರೂ ಆಡದೆ ಬಿಟ್ಟ ಮಾತು ಒಂದಿದೆ. "ಮೇಷ್ಟ್ರೇ, ನಿಮ್ಮ ಮನೆಯವರ ಹೆಸರು ಸರ್ವಿಸ್ ರಿಜಿಸ್ಟರಿನಲ್ಲಿ ಹೇಗೆ ಬರೆದೈತೆ, ನೋಡಿದ್ದೀರಾ?"

ನಾನೂ ಕೇಳಲಿಲ್ಲ. ನನ್ನ ಸ್ವಂತ ಅಣ್ಣನ ಬೀಳ್ಕೊಡುಗೆಯಲ್ಲೂ ಷಟ್ಪದಿ ಹೇಳಿ, ಚಪ್ಪಾಳೆ ತಗೊಂಡು, ಊಟ ಮಾಡಿ ಮನೆಗೆ ಬಂದೆ.

ಪಿಂಚಣಿ ಅನ್ನುವ ಮಾತಿಗೆ ನಮ್ಮ ಕಡೆ ಎರಡು ಅರ್ಥ. ಹಳ್ಳಿಯಲ್ಲಿ "ಪೆನ್ಷನ್ ಬಂತಾ?" ಅಂದರೆ ಮೊದಲು ನೆನಪಾಗುವುದು ಆಂಧ್ರ ಸರ್ಕಾರ ಅರವತ್ತು ತುಂಬಿದ ಬಡವರಿಗೆ ಕೊಡುವ ಹಣ. 2024ರ ಜುಲೈಯಿಂದ ಅದು ತಿಂಗಳಿಗೆ 4,000 ರೂಪಾಯಿ, ಒಂದನೇ ತಾರೀಖು ಮನೆ ಬಾಗಿಲಿಗೇ ಬರುತ್ತದೆ. ಗಡಿಯಿಂದಾಚೆ ಶಿರಾ ತಾಲ್ಲೂಕಿನಲ್ಲಿರುವ ನಮ್ಮ ನೆಂಟರಿಗೆ ಅರವತ್ತೈದು ತುಂಬಿದ ಮೇಲೆ ಸಂಧ್ಯಾ ಸುರಕ್ಷಾದಲ್ಲಿ 1,200. ಒಂದೇ ಬೇಲಿಯ ಎರಡು ಕಡೆಯ ಮುದುಕರು ಈ ಲೆಕ್ಕವನ್ನು ಬೀಗರ ಮನೆಯ ಔತಣದಲ್ಲೂ ಬಿಡದೆ ಆಡಿಕೊಳ್ಳುತ್ತಾರೆ. ಇನ್ನೊಂದು ಪಿಂಚಣಿ ಮೇಷ್ಟ್ರದು, ಕಂಡಕ್ಟರದು ಅಲ್ಲ, ನೆನಪಿರಲಿ. ಗ್ರಾಮಲೆಕ್ಕಿಗರದು, ಪೊಲೀಸಿನವರದು, ಆಸ್ಪತ್ರೆ ನರ್ಸಮ್ಮನದು. ಆ ಮನೆಯವರ ಮೇಲೆ ನಮ್ಮಂಥ ಒಕ್ಕಲಿಗರಿಗೆ ಒಳಗೊಳಗೇ ಒಂದು ಹೊಟ್ಟೆಕಿಚ್ಚು. ಮಳೆ ಬರಲಿ ಬಿಡಲಿ, ಶೇಂಗಾ ಬೆಲೆ ಏರಲಿ ಇಳಿಯಲಿ, ಅವರಿಗೆ ತಿಂಗಳಾದರೆ ದುಡ್ಡು. ಅಂಗಡಿಯವರು ಸಾಲದ ಪುಸ್ತಕದಲ್ಲಿ ಅವರ ಹೆಸರು ಕಂಡರೆ ಮರುಮಾತಿಲ್ಲದೆ ಸಾಮಾನು ತೂಗುತ್ತಾರೆ.

ಆದರೆ ಅದು ಯಾರೋ ದಯೆಯಿಂದ ಕೊಟ್ಟ ಭಿಕ್ಷೆಯಲ್ಲ. 1982ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಡಿ.ಎಸ್. ನಕಾರಾ ಅವರ ಮೊಕದ್ದಮೆಯಲ್ಲಿ ಇದನ್ನೇ ಹೇಳಿತು. ದುಡಿದ ಕಾಲದ ಸೇವೆಗೆ ಸಲ್ಲಬೇಕಾದ ಹಕ್ಕು ಅದು, ಮಾಲೀಕನ ಇಷ್ಟಾನಿಷ್ಟದ ಮಾತಲ್ಲ ಎಂದು. ಇಂದಿಗೂ ಪಿಂಚಣಿದಾರರು ಆ ತಾರೀಖನ್ನು ತಮ್ಮ ದಿನವೆಂದು ಆಚರಿಸುತ್ತಾರೆ. ಹಕ್ಕೇನೋ ಹಕ್ಕೇ. ಆದರೆ ಹಕ್ಕು ಕೈಗೆ ಬರುವುದು ಕಾಗದದ ಮೇಲೆ. ಆ ಕಾಗದ ಹಾದು ಬರುವ ದಾರಿ ನಮ್ಮಂಥ ಎರಡು ಭಾಷೆಯ ಊರಿನಲ್ಲಿ ಹೇಗೆ ಕೊಂಕುತ್ತದೆ ಎಂಬುದನ್ನು ನಾನು ಅತ್ತಿಗೆಯ ಜೊತೆ ಹದಿನಾಲ್ಕು ತಿಂಗಳು ಅಲೆದು ಕಲಿತೆ.

'ಕ್ಕ' ಹೋಗಿ 'ಮ್ಮ' ಆಯಿತು

ಅಣ್ಣ 1984ರಲ್ಲಿ ಕನ್ನಡ ಶಾಲೆಗೆ ಮೇಷ್ಟ್ರಾಗಿ ಸೇರಿದವನು. 2018ರಲ್ಲಿ ಅರವತ್ತು ತುಂಬಿ ನಿವೃತ್ತನಾದ. ಆಂಧ್ರದಲ್ಲಿ 58 ಇದ್ದದ್ದು 2014ರಲ್ಲಿ 60 ಆಗಿತ್ತು. ಅದು 62 ಆದದ್ದು 2022ರ ಜನವರಿಯಿಂದ. ಅವನ ಜೊತೆ ಒಂದೇ ಬೆಂಚಿನಲ್ಲಿ ಓದಿ ಆಚೆ ತುಮಕೂರು ಜಿಲ್ಲೆಯಲ್ಲಿ ಕೆಲಸ ಹಿಡಿದ ಗೆಳೆಯನೂ ಅದೇ ವರ್ಷ ನಿವೃತ್ತನಾದ, ಏಕೆಂದರೆ ಕರ್ನಾಟಕದಲ್ಲಿ 2008ರಿಂದ ಅರವತ್ತೇ. ಈಗಿನ ಜೋಡಿಯಾಗಿದ್ದರೆ ಆಚೆಯವನು ಮನೆಗೆ ಬಂದ ಮೇಲೆ ಈಚೆಯವನು ಇನ್ನೆರಡು ವರ್ಷ ಪಾಠ ಮಾಡಬೇಕಾಗಿತ್ತು.

2021ರ ಮೇ ತಿಂಗಳು. ಕೊರೊನಾದ ಎರಡನೇ ಅಲೆ. ಅಣ್ಣ ಒಂಬತ್ತು ದಿನದಲ್ಲಿ ಹೋಗಿಬಿಟ್ಟ. ತಿಥಿಗೂ ಹತ್ತು ಜನ ಸೇರುವಂತಿರಲಿಲ್ಲ. ಸೂತಕ ಕಳೆದ ಮೇಲೆ ಅತ್ತಿಗೆಯ ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು, ಅಣ್ಣನ ಮರಣ ಪತ್ರ, ತಹಶೀಲ್ದಾರರ ಕಚೇರಿಯ ಫ್ಯಾಮಿಲಿ ಮೆಂಬರ್ ಸರ್ಟಿಫಿಕೇಟ್ (ಆಚೆ ಕಡೆ ನೀವು ವಂಶವೃಕ್ಷ ಅನ್ನುತ್ತೀರಲ್ಲ, ಹೆಚ್ಚುಕಡಿಮೆ ಅದೇ) ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟುಕೊಂಡು ಕುಟುಂಬ ಪಿಂಚಣಿಗೆ ಅರ್ಜಿ ಹಾಕಲು ಹೊರಟೆವು. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಮೊದಲ ಕೆಲವು ವರ್ಷ ಹೆಚ್ಚಿನ ದರದಲ್ಲಿ, ಆಮೇಲೆ ಕೊನೆಯ ಮೂಲ ಸಂಬಳದ ಶೇಕಡ 30ರಂತೆ ಬದುಕಿರುವ ತನಕ ಬರುವ ಹಣ ಅದು. ತುಟ್ಟಿಭತ್ಯೆ ಬೇರೆ.

ಕಚೇರಿಯಲ್ಲಿದ್ದವರು ಪಿಂಚಣಿ ಆದೇಶದ ಪುಸ್ತಕ ತೆಗೆದರು, ಆಧಾರ್ ಪಕ್ಕದಲ್ಲಿಟ್ಟರು, ತಲೆಯಾಡಿಸಿದರು. ಪುಸ್ತಕದಲ್ಲಿ ಅತ್ತಿಗೆಯ ಹೆಸರು 'ಅಮ್ಮ' ಅಂತ ಮುಗಿಯುತ್ತದೆ. ಆಧಾರಿನಲ್ಲಿ 'ಅಕ್ಕ' ಅಂತ. ಈ ಹೆಂಗಸು ಬೇರೆ, ಆ ಹೆಂಗಸು ಬೇರೆ.

ಇದು ಹೇಗಾಯಿತು ಅಂತ ಗಡಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳ ಹೆಸರಿಗೆ 'ಅಕ್ಕ' ಸೇರಿಸುವುದು ಅಜ್ಜಿ ಕಾಲದ ರೂಢಿ. ಮೂವತ್ತೈದು ವರ್ಷದ ಹಿಂದೆ ಸರ್ವಿಸ್ ರಿಜಿಸ್ಟರಿನಲ್ಲಿ ಕುಟುಂಬದ ವಿವರ ಬರೆದುಕೊಂಡ ಗುಮಾಸ್ತರು ಕೋಸ್ತಾ ಕಡೆಯವರಂತೆ. ಅವರ ಕಿವಿಗೆ ಹೆಣ್ಣಿನ ಹೆಸರು ಅಂದರೆ ಕೊನೆಗೆ 'ಅಮ್ಮ' ಇರಲೇಬೇಕು. ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಬರೆದರು. ಅಣ್ಣ ಕೆಳಗೆ ಸಹಿ ಹಾಕಿದ. ಮಕ್ಕಳನ್ನು ಶಾಲೆಗೆ ಸೇರಿಸುವಾಗ ದಾಖಲಾತಿ ಪುಸ್ತಕದಲ್ಲಿ ಒಂದು ದೀರ್ಘ ತಪ್ಪಿದರೂ ಅಪ್ಪಂದಿರನ್ನು ನಿಲ್ಲಿಸಿ ತಿದ್ದಿಸುತ್ತಿದ್ದವನು ಅವನು. ತನ್ನ ಹೆಂಡತಿಯ ಹೆಸರನ್ನು ಮಾತ್ರ ತಿರುಗಿ ನೋಡಲಿಲ್ಲ.

ಅದರ ಜೊತೆಗೆ ಇಂಟಿಪೇರು. ತೆಲುಗರಲ್ಲಿ ಮನೆತನದ ಹೆಸರು ಮೊದಲು, ಆಮೇಲೆ ಸ್ವಂತ ಹೆಸರು. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರು ಬರೆಯುವ ರೂಢಿಯೇ ಇಲ್ಲ. ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಮುಗಿಯಿತು. ಅರ್ಜಿಯಲ್ಲಿ ಆ ಖಾನೆ ಖಾಲಿ ಬಿಟ್ಟರೆ ತಕರಾರು. ಆದ್ದರಿಂದ ಒಬ್ಬರು ಅಪ್ಪನ ಹೆಸರು ತುಂಬಿದರು, ಇನ್ನೊಬ್ಬರು ಊರಿನ ಹೆಸರು, ಮತ್ತೊಬ್ಬರು ಜಾತಿಯ ಹೆಸರು. ಒಂದೇ ಮೇಷ್ಟ್ರು ಮೂರು ಕಾಗದದಲ್ಲಿ ಮೂವರಾದರು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಹೊಸ ಹೆಸರಿಟ್ಟ ಸೊಸೆಯಂದಿರ ಪಾಡಂತೂ ಕೇಳಲೇಬೇಡಿ.

"ನಾನು ಯಾರಪ್ಪಾ ಹಂಗಾದ್ರೆ?" ಅಂದರು ಅತ್ತಿಗೆ, ಕಚೇರಿ ಮೆಟ್ಟಿಲ ಮೇಲೆ ಕೂತು. "ನಿಮ್ಮಣ್ಣನ ಜೊತೆ ಮೂವತ್ತಾರು ವರ್ಸ ಬಾಳಿದೋಳು ಯಾರು ಮತ್ತೆ?"

ಒಳಗಿನಿಂದ ಬಂದ ಉತ್ತರ "ರೇಪು ರಾಮ್ಮಾ." ನಾಳೆ ಬಾರಮ್ಮ. ನಿಮಗೆ ನೆನಪಿರಬೇಕು, ಒಂದು ಕಾಲದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತಲೂ, ಆಂಧ್ರದ ಗೋಡೆಗಳ ಮೇಲೆ 'ಓ ಸ್ತ್ರೀ ರೇಪು ರಾ' ಅಂತಲೂ ಬರೆಯುತ್ತಿದ್ದರು, ರಾತ್ರಿ ಬರುವ ದೆವ್ವ ಓದಿಕೊಂಡು ವಾಪಸು ಹೋಗಲಿ ಅಂತ. ಎರಡೂ ಭಾಷೆಯಲ್ಲಿ ಆ ಬರಹ ಓದಿ ನಕ್ಕವನು ನಾನು. ಹಗಲು ಹೊತ್ತು, ಬಿಳಿ ಸೀರೆಯುಟ್ಟ ಅತ್ತಿಗೆಗೆ ಅದೇ ಮಾತು ಹೇಳಿದಾಗ ನಗು ಬರಲಿಲ್ಲ.

ಕೊನೆಗೆ ಬಿಡಿಸಿದ್ದು ಮೂರು ಸಂಗತಿ. ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಮುಂದೆ ಮಾಡಿಸಿದ ಅಫಿಡವಿಟ್ಟು. ತಹಶೀಲ್ದಾರರು ಗ್ರಾಮದಲ್ಲಿ ವಿಚಾರಣೆ ಮಾಡಿಸಿ ಅದೇ ಅರ್ಥದಲ್ಲಿ ಕೊಟ್ಟ ಪತ್ರ. ಮತ್ತು ಜಂಟಿ ಫೋಟೊ. ಪಿಂಚಣಿ ಕಾಗದಗಳ ಜೊತೆ ಗಂಡ ಹೆಂಡತಿ ಒಟ್ಟಿಗೆ ಕೂತ ಫೋಟೊ ಹಚ್ಚುತ್ತಾರೆ. ಅಣ್ಣ ಅತ್ತಿಗೆ ತೆಗೆಸಿದ ಆ ಫೋಟೊದಲ್ಲಿ ಅಣ್ಣ ಮಾತ್ರ ಕ್ಯಾಮೆರಾ ನೋಡುತ್ತಿದ್ದಾನೆ, ಅತ್ತಿಗೆ ನೆಲ ನೋಡುತ್ತಿದ್ದಾರೆ. ಮೊದಲು ಅದನ್ನೂ ಸ್ಪಷ್ಟವಿಲ್ಲ ಅಂದರು. ಆಮೇಲೆ ಬಂದ ಒಬ್ಬ ಅಧಿಕಾರಿ, ಪುಣ್ಯಾತ್ಮರು, ಅತ್ತಿಗೆಯನ್ನು ಎದುರಿಗೆ ನಿಲ್ಲಿಸಿಕೊಂಡು, ಫೋಟೊ ನೋಡಿ, "ಕಾಸ್ತ ತಲ ಒಂಚಂಡಮ್ಮಾ" ಅಂದರು, ಸ್ವಲ್ಪ ತಲೆ ಬಗ್ಗಿಸಿ ಅಂತ. ಬಗ್ಗಿಸಿದರು. ಸಹಿ ಬಿತ್ತು. 2022ರ ಜುಲೈಯಲ್ಲಿ ಬಾಕಿಯೆಲ್ಲ ಸೇರಿ ಹಣ ಬಂತು.

ಆ ಹದಿನಾಲ್ಕು ತಿಂಗಳು ಅತ್ತಿಗೆ ಹೇಗೆ ಬದುಕಿದರು ಅಂತ ಕೇಳಿದರೆ ನಾನು ನನ್ನ ಹೊಲದ ಕಥೆ ಹೇಳಬೇಕಾಗುತ್ತದೆ.

ತೋಟವನ್ನು ಚೇಣಿಗೆ ಕೊಟ್ಟ ಹಾಗೆ

ನಿವೃತ್ತಿಯ ಹೊತ್ತಿಗೆ ಸರ್ಕಾರಿ ನೌಕರನ ಕೈಗೆ ಮೂರು ನಾಲ್ಕು ದಾರಿಯಿಂದ ಒಟ್ಟು ಹಣ ಬರುತ್ತದೆ. ಗ್ರಾಚ್ಯುಟಿ ಒಂದು: ಮೂವತ್ತಮೂರು ವರ್ಷ ತುಂಬಿದ ಸೇವೆಗೆ ಹದಿನಾರೂವರೆ ತಿಂಗಳ ಸಂಬಳ, ಆದರೆ ಆಂಧ್ರದಲ್ಲಿ 2022ರ ವೇತನ ಪರಿಷ್ಕರಣೆಯ ಪ್ರಕಾರ 16 ಲಕ್ಷದ ಮಿತಿಯೊಳಗೆ. ಕೂಡಿಟ್ಟ ರಜೆಯ ಸಂಬಳ ಇನ್ನೊಂದು, 300 ದಿನದ ತನಕ. ತಾನೇ ಕಟ್ಟಿದ ಭವಿಷ್ಯನಿಧಿ, ವಿಮೆಯ ಹಣ ಬೇರೆ. ನಾಲ್ಕನೆಯದೇ ಕಮ್ಯುಟೇಶನ್. ಇದನ್ನು ವ್ಯಾಪಾರಿಗಳಿಗೂ ತೋಟದವರಿಗೂ ತಿಳಿಯುವ ಹಾಗೆ ಹೇಳುತ್ತೇನೆ.

ಅಡಿಕೆ ತೋಟವನ್ನು ಚೇಣಿಗೆ ಕೊಡುತ್ತೇವಲ್ಲ, ಹಾಗೆ. ಮುಂದೆ ಬರುವ ಫಸಲನ್ನು ಈಗಲೇ ಒಂದು ಮೊತ್ತಕ್ಕೆ ಬಿಟ್ಟುಕೊಡುವುದು. ಪಿಂಚಣಿಯಲ್ಲಿ ಒಂದು ಪಾಲನ್ನು ಮುಂಗಡವಾಗಿ ಒಟ್ಟಿಗೆ ತೆಗೆದುಕೊಳ್ಳಬಹುದು. ಆಂಧ್ರದಲ್ಲಿ ಶೇಕಡ 40ರ ತನಕ, ಕರ್ನಾಟಕದಲ್ಲಿ ಮೂರರಲ್ಲೊಂದು ಪಾಲು. ಆ ಪಾಲು ಹದಿನೈದು ವರ್ಷ ತಿಂಗಳ ಪಿಂಚಣಿಯಿಂದ ಕಡಿತವಾಗುತ್ತದೆ, ಆಮೇಲೆ ಪೂರ್ತಿ ಮರಳುತ್ತದೆ. ಕೊನೆಯ ಮೂಲ ಸಂಬಳ 60,000 ಇದ್ದು ಪೂರ್ತಿ ಸೇವೆ ಮಾಡಿದ್ದರೆ ಪಿಂಚಣಿ 30,000. ಶೇಕಡ 40 ಬಿಟ್ಟುಕೊಟ್ಟರೆ ಹೋಗುವುದು ತಿಂಗಳಿಗೆ 12,000, ಉಳಿಯುವುದು 18,000. ತುಟ್ಟಿಭತ್ಯೆ ಮಾತ್ರ ಪೂರ್ತಿ 30,000ದ ಮೇಲೇ ಲೆಕ್ಕ. ಬಿಟ್ಟುಕೊಟ್ಟದ್ದಕ್ಕೆ ಕೈಗೆ ಸಿಗುವುದು ಆ 12,000ದ ಎಂಟು ಒಂಬತ್ತು ವರ್ಷದ ಮೊತ್ತ, ಅಂದರೆ ಹನ್ನೊಂದೂವರೆ ಲಕ್ಷದಿಂದ ಹದಿಮೂರು ಲಕ್ಷದ ಆಸುಪಾಸು. ಹದಿನೈದು ವರ್ಷ ಬದುಕಿದರೆ ಕಡಿತವಾಗುವುದು 21 ಲಕ್ಷದ 60 ಸಾವಿರ. ಹದಿನೈದು ವರ್ಷ ಬಹಳವಾಯಿತು ಅಂತ ಪಿಂಚಣಿದಾರರು ಕೋರ್ಟಿಗೂ ಹೋಗಿದ್ದಾರೆ.

ಹಾಗಂತ ಕಮ್ಯುಟೇಶನ್ ತಪ್ಪು ಅಂತ ನಾನು ಹೇಳಲಾರೆ. ನಡುವೆ ಪಿಂಚಣಿದಾರ ತೀರಿಕೊಂಡರೆ ಉಳಿದದ್ದನ್ನು ಯಾರಿಂದಲೂ ವಸೂಲು ಮಾಡುವುದಿಲ್ಲ, ಹೆಂಡತಿಯ ಕುಟುಂಬ ಪಿಂಚಣಿಯೂ ಅದರಿಂದ ಕಮ್ಮಿಯಾಗುವುದಿಲ್ಲ. ಮನೆಯ ಮೇಲೆ ಬಡ್ಡಿಯ ಸಾಲವಿದ್ದರೆ ತೀರಿಸಿಕೊಳ್ಳಲು ಒಳ್ಳೆಯದೇ. ಪ್ರಶ್ನೆ ಇರುವುದು ಆ ಹಣ ಯಾರ ಹೊಲಕ್ಕೆ ಹೋಯಿತು ಅನ್ನುವುದರಲ್ಲಿ.

ಅಣ್ಣನ ಹಣ ನನ್ನ ಹೊಲಕ್ಕೆ ಬಂತು. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ಅವನ ಬಾಗಿಲಲ್ಲಿ ಜನ. ಹಿಂದೂಪುರದಲ್ಲಿ ನಿವೇಶನ ಮಾರುವವರು, ಚೀಟಿ ನಡೆಸುವವರು, ಮೊಮ್ಮಗನ ಕಾಲೇಜು ಫೀಜಿಗೆ ಕೈಗಡ ಕೇಳುವವರು. ಅವರಿಗೆಲ್ಲ ಅಣ್ಣ ನಯವಾಗಿ ಇಲ್ಲ ಅಂದ. ನನಗೆ ಇಲ್ಲ ಅನ್ನಲಾಗಲಿಲ್ಲ. ಆ ವರ್ಷ ತೋಟ ಒಣಗುತ್ತಿತ್ತು. ಮೂರು ಬೋರು ಹಾಕಿಸಿದೆವು, ಒಂದೊಂದೂ ಸಾವಿರ ಅಡಿ. ಎರಡರಲ್ಲಿ ಧೂಳು ಬಂತು. ಮೂರನೆಯದರಲ್ಲಿ ಒಂದೂವರೆ ಇಂಚು ನೀರು ಬಂದು ಎರಡು ಬೇಸಿಗೆಗೆ ನಿಂತಿತು. "ಇರ್ಲಿ ಬಿಡೋ, ತಿಂಗ್ಳಾದ್ರೆ ನಂಗೆ ಪಿಂಚಣಿ ಬತ್ತೈತೆ" ಅಂದ ಅಣ್ಣ. ಅವನು ಹೋದ ಮೇಲೆ ಪಿಂಚಣಿ ನಿಂತಿತು, ಬ್ಯಾಂಕಿನಲ್ಲಿ ಇರಬೇಕಾಗಿದ್ದ ಹಣ ನನ್ನ ಹೊಲದ ಮೂರು ತೂತುಗಳಲ್ಲಿತ್ತು. ಅತ್ತಿಗೆ ಒಂದು ದಿನವೂ ಆ ಮಾತೆತ್ತಲಿಲ್ಲ. ಮಂಡಿ ಅಂಗಡಿಯಲ್ಲಿ ಸಾಲ ತಂದು ಅವರ ಮನೆಗೆ ಅಕ್ಕಿ, ಬೇಳೆ, ಬಿ.ಪಿ. ಮಾತ್ರೆ ಹಾಕಿದ್ದೇ ನನ್ನ ತೀರುವಳಿ. ಸಾಲ ಇನ್ನೂ ಸ್ವಲ್ಪ ಇದೆ.

ಆದ್ದರಿಂದ ಈ ಪುಟ ಓದುವ ನನ್ನಂಥ ಒಕ್ಕಲಿಗರಿಗೂ, ಅಂಗಡಿಯವರಿಗೂ ಒಂದು ಮಾತು. ನಿಮ್ಮ ಅಣ್ಣನೋ ಬಾವನೋ ನಿವೃತ್ತರಾದ ವರ್ಷ ಅವರ ಹತ್ತಿರ ಜಾಮೀನು ಸಹಿ, ಬೋರಿನ ದುಡ್ಡು ಕೇಳಬೇಡಿ. ಅವರಿಗೆ ಇಲ್ಲ ಅನ್ನುವುದು ಕಷ್ಟ. ನಮಗೆ ಫಸಲು ಹೋದರೆ ಮುಂದಿನ ಮುಂಗಾರಿದೆ. ಅರವತ್ತೆರಡರಲ್ಲಿ ಹೋದ ಗ್ರಾಚ್ಯುಟಿಗೆ ಇನ್ನೊಂದು ಮುಂಗಾರಿಲ್ಲ.

ಹಣ ಎಲ್ಲಿಡಬೇಕು ಅಂತ ಕೇಳುವ ಮೇಷ್ಟ್ರುಗಳಿಗೆ ನಾನು ಪೋಸ್ಟಾಫೀಸಿನ ದಾರಿ ತೋರಿಸುತ್ತೇನೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 2023ರ ಏಪ್ರಿಲ್‌ನಿಂದ 30 ಲಕ್ಷದ ತನಕ ಇಡಬಹುದು, ಐದು ವರ್ಷದ ಅವಧಿ, ಮೂರು ತಿಂಗಳಿಗೊಮ್ಮೆ ಬಡ್ಡಿ. 2025ರಲ್ಲಿ ಬಡ್ಡಿ ಶೇಕಡ 8.2 ಇತ್ತು. ಬ್ಯಾಂಕಾದರೆ ಒಂದು ಬ್ಯಾಂಕಿನಲ್ಲಿ ಒಬ್ಬರ ಹೆಸರಿನ ಐದು ಲಕ್ಷಕ್ಕೆ ಮಾತ್ರ ವಿಮೆಯ ರಕ್ಷಣೆ, ಅದೂ 2020ರಿಂದ. ಹೆಚ್ಚು ಬಡ್ಡಿ ಕೊಡುತ್ತೇವೆ ಅಂದವರ ಕಥೆ ಆಂಧ್ರದವರಿಗೂ ಕರ್ನಾಟಕದವರಿಗೂ ಅಗ್ರಿಗೋಲ್ಡ್ ಕಲಿಸಿದೆ. 2014-15ರಲ್ಲಿ ಅದು ಕುಸಿದಾಗ ಎರಡೂ ರಾಜ್ಯಗಳ ಠೇವಣಿದಾರರು ಒಟ್ಟಿಗೆ ಮುಳುಗಿದರು. ಹತ್ತು ಸಾವಿರದೊಳಗೆ ಇಟ್ಟ ಆಂಧ್ರದ ಬಡವರಿಗೆ 2019ರಲ್ಲಿ, ಇಪ್ಪತ್ತು ಸಾವಿರದೊಳಗಿನವರಿಗೆ 2021ರಲ್ಲಿ ಆಂಧ್ರ ಸರ್ಕಾರವೇ ಹಣ ಕೊಟ್ಟಿತು. ಲಕ್ಷಗಟ್ಟಲೆ ಇಟ್ಟ ನಿವೃತ್ತರು ಆ ಪಟ್ಟಿಯಲ್ಲಿ ಇರಲಿಲ್ಲ.

ಒಂದೇ ಸ್ಟಾಫ್ ರೂಮು, ಎರಡು ಪಂಕ್ತಿ

ಇಷ್ಟು ಹೇಳಿದ್ದು ಹಳೆಯ ಪಿಂಚಣಿಯವರ ಮಾತು. ಆಂಧ್ರದಲ್ಲಿ 2004ರ ಸೆಪ್ಟೆಂಬರ್ 1ರಂದು ಮತ್ತು ಆಮೇಲೆ ಕೆಲಸಕ್ಕೆ ಸೇರಿದವರು ಬೇರೆ ಪಂಕ್ತಿ. ಅವರದು ಸಿ.ಪಿ.ಎಸ್. ಕರ್ನಾಟಕದಲ್ಲಿ ಆ ಗೆರೆ ಬಿದ್ದದ್ದು 2006ರ ಏಪ್ರಿಲ್ 1ರಂದು, ಎನ್.ಪಿ.ಎಸ್. ಹೆಸರಿನಲ್ಲಿ. ತಿಂಗಳ ಸಂಬಳ ಮತ್ತು ತುಟ್ಟಿಭತ್ಯೆಯಿಂದ ನೌಕರನದು ಶೇಕಡ 10, ಸರ್ಕಾರದ್ದು ಇನ್ನೊಂದು ಪಾಲು, ಎರಡೂ ಸೇರಿ ಮಾರುಕಟ್ಟೆಯಲ್ಲಿ ಬೆಳೆಯಬೇಕು. ನಿವೃತ್ತಿಯಲ್ಲಿ ಶೇಕಡ 60ರ ತನಕ ಕೈಗೆ, ಕಡೇಪಕ್ಷ 40ರಿಂದ ಪಿಂಚಣಿ ಕೊಳ್ಳಬೇಕು. ಕೊಳ್ಳುವುದು ಅನ್ನುವ ಮಾತೇ ಹೊಸದು. ಹಳಬರಿಗೆ ಪಿಂಚಣಿ ಬರುತ್ತಿತ್ತು, ಇವರು ಕೊಂಡುಕೊಳ್ಳುತ್ತಾರೆ. ಹತ್ತು ಲಕ್ಷ ಕೂಡಿದ್ದರೆ ನಾಲ್ಕು ಲಕ್ಷದಿಂದ ಕೊಂಡ ಪಿಂಚಣಿ, ಶೇಕಡ 6ರ ದರ ಅಂತಿಟ್ಟುಕೊಂಡರೂ ತಿಂಗಳಿಗೆ 2,000. ನಮ್ಮ ಊರಿನ ಕೂಲಿ ಮಾಡಿದ ಅಜ್ಜಿಗೆ ಸರ್ಕಾರ ಕೊಡುವುದರಲ್ಲಿ ಅರ್ಧ. ತಡವಾಗಿ ಕೆಲಸ ಸಿಕ್ಕಿ ಹದಿನೈದು ವರ್ಷವಷ್ಟೇ ದುಡಿದವರಿಗೆ ಇದು ಬರೀ ಲೆಕ್ಕವಲ್ಲ.

ಈ ಗೆರೆಯ ಮೇಲೆ ಎರಡೂ ಕಡೆ ಹೋರಾಟ ನಡೆದಿದೆ. ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ, 2006ರ ಏಪ್ರಿಲ್‌ಗೆ ಮೊದಲೇ ನೇಮಕಾತಿಯ ಅಧಿಸೂಚನೆ ಹೊರಟಿದ್ದು ಆಮೇಲೆ ಸೇರಿದ ಸುಮಾರು 13 ಸಾವಿರ ಮಂದಿಯನ್ನು ಹಳೆಯ ಪಿಂಚಣಿಗೆ ಸೇರಿಸಿತು. ಆಂಧ್ರದಲ್ಲಿ 2019ರ ಚುನಾವಣೆಗೆ ಮುಂಚೆ ಸಿ.ಪಿ.ಎಸ್. ರದ್ದು ಮಾಡುವ ಮಾತು ಕೊಟ್ಟಿದ್ದವರು ಅಧಿಕಾರಕ್ಕೆ ಬಂದು, 2023ರ ಸೆಪ್ಟೆಂಬರಿನಲ್ಲಿ ರದ್ದು ಮಾಡುವ ಬದಲು ಕೊನೆಯ ಮೂಲ ಸಂಬಳದ ಅರ್ಧಕ್ಕೆ ಖಾತರಿ ಕೊಡುವ ಜಿ.ಪಿ.ಎಸ್. ಮಸೂದೆಯನ್ನು ವಿಧಾನಸಭೆಯಲ್ಲಿ ಪಾಸು ಮಾಡಿಸಿದರು. ನೌಕರ ಸಂಘಗಳು ಒಪ್ಪಲಿಲ್ಲ. ಕೇಂದ್ರದವರು ತಮ್ಮ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿಯ ಆಯ್ಕೆ ಕೊಟ್ಟಿದ್ದಾರೆ; ಇಪ್ಪತ್ತೈದು ವರ್ಷ ಸೇವೆ ಮಾಡಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ಸಂಬಳದ ಅರ್ಧ. ನಮ್ಮ ಮೇಷ್ಟ್ರುಗಳು ರಾಜ್ಯದ ನೌಕರರು, ಅದನ್ನು ಪೇಪರಿನಲ್ಲಿ ಓದಿಕೊಳ್ಳಬೇಕು.

ಸಿ.ಪಿ.ಎಸ್.ನವರಿಗೂ ಹೆಸರಿನ ಕಾಟ ತಪ್ಪಿದ್ದಲ್ಲ. ಅವರಿಗೆ ಕೊಡುವ ಖಾತೆ ಸಂಖ್ಯೆಗೆ 'ಪ್ರಾಣ್' ಅನ್ನುತ್ತಾರೆ. ಆ ಪ್ರಾಣದ ಕಾಗದದಲ್ಲಿ ನಾಮಿನಿಯ ಹೆಸರು ಆಧಾರಿನಂತೆಯೇ ಇದೆಯೇ ಅಂತ ನೋಡಿದವರು ಎಷ್ಟು ಮಂದಿ? ಮದುವೆಗೆ ಮುಂಚೆ ಸೇರಿದವರು ಅಮ್ಮನ ಹೆಸರು ಕೊಟ್ಟಿರುತ್ತಾರೆ, ಮಕ್ಕಳು ಕಾಲೇಜಿಗೆ ಬಂದರೂ ಅದೇ ಇರುತ್ತದೆ. ಪಿಂಚಣಿ ಕೊಳ್ಳುವಾಗಲೂ ತನ್ನ ನಂತರ ಹೆಂಡತಿಗೆ ಅಥವಾ ಗಂಡನಿಗೆ ಮುಂದುವರಿಯುವ ಬಗೆಯನ್ನು ಕೇಳಿ ತಗೊಳ್ಳಬೇಕು. ಅದರಲ್ಲಿ ತಿಂಗಳ ಮೊತ್ತ ಸ್ವಲ್ಪ ಕಮ್ಮಿ, ಅಷ್ಟೇ.

ಹಳೆಯ ಪಿಂಚಣಿಯವರು ಇನ್ನೊಂದು ತಿಳಿದಿರಬೇಕು. ಗ್ರಾಚ್ಯುಟಿಗೆ ನಾಮಿನಿ ಬರೆದುಕೊಡಬಹುದು. ಕುಟುಂಬ ಪಿಂಚಣಿಗೆ ನಾಮಿನಿ ಇಲ್ಲ, ಉಯಿಲೂ ನಡೆಯದು. ನಿಯಮದ ಪ್ರಕಾರ ಮೊದಲು ಹೆಂಡತಿಗೆ ಅಥವಾ ಗಂಡನಿಗೆ. ದುಡಿದು ತಿನ್ನಲಾರದ ಅಂಗವಿಕಲ ಮಗನೋ ಮಗಳೋ ಇದ್ದರೆ ತಾವು ಬದುಕಿರುವಾಗಲೇ ವೈದ್ಯರ ಪತ್ರದೊಂದಿಗೆ ಕುಟುಂಬದ ವಿವರದಲ್ಲಿ ಸೇರಿಸಿಡಬೇಕು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಆ ಮಗುವಿನ ಪರವಾಗಿ ಕಚೇರಿಯಲ್ಲಿ ಮಾತಾಡುವವರು ಯಾರು?

ಗಡಿಯವರಿಗೆ ಕೊನೆಯದಾಗಿ ಒಂದು ಅನುಕೂಲದ ಸುದ್ದಿ. ನಿವೃತ್ತರಾದ ಮೇಲೆ ನಮ್ಮವರಲ್ಲಿ ಬಹಳ ಮಂದಿ ಮಕ್ಕಳ ಮನೆ ಸೇರುತ್ತಾರೆ, ತುಮಕೂರೋ ಬೆಂಗಳೂರೋ. ಖಜಾನೆ ಮಾತ್ರ ಆಂಧ್ರದಲ್ಲಿ. ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆ ಅಂತ ತೋರಿಸಲು ಬಸ್ಸು ಹತ್ತಿ ಬರುತ್ತಿದ್ದರು. 2014ರ ನವೆಂಬರಿನಿಂದ ಜೀವನ್ ಪ್ರಮಾಣ್ ಬಂದಿದೆ. ಬೆರಳು ಒತ್ತಿಯೋ, ಈಗೀಗ ಫೋನಿನಲ್ಲಿ ಮುಖ ತೋರಿಸಿಯೋ ಅಲ್ಲಿಂದಲೇ ಕಳಿಸಬಹುದು. ಕಳಿಸಿದ ಮೇಲೆ ಖಜಾನೆಗೆ ಸೇರಿತೇ ಅಂತ ಕೇಳಿಕೊಳ್ಳುವುದು ಮರೆಯಬೇಡಿ. ಸೇರದಿದ್ದರೆ ಪಿಂಚಣಿ ನಿಲ್ಲುತ್ತದೆ. ನೇಗಿಲು ಹಿಡಿದ ಬೆರಳ ಗೆರೆ ಸವೆದು ಯಂತ್ರ ಒಪ್ಪದಿರುವುದೂ ಉಂಟು. ಮೇಷ್ಟ್ರ ಬೆರಳೂ ಸೀಮೆಸುಣ್ಣಕ್ಕೆ ಸವೆಯುತ್ತದೆಯೋ ಏನೋ.

ಅತ್ತಿಗೆಯ ಹಣ ಬಂದ ಮೇಲೆ ನಾನು ಬೀಳ್ಕೊಡುಗೆ ಪದ್ಯಕ್ಕೆ ಒಂದು ಷರತ್ತು ಹಾಕಿದ್ದೇನೆ. ಕರೆಯುವುದಾದರೆ ಒಂದು ವರ್ಷ ಮುಂಚೆ ಕರೆಯಿರಿ ಅಂತ. ಜನ ನಗುತ್ತಾರೆ. ಹೋದ ವಾರ ಅಮರಾಪುರದ ಕಡೆಯ ಒಬ್ಬ ಮೇಷ್ಟ್ರು ನಿಜವಾಗಿಯೂ ಕರೆದರು, ಇನ್ನು ಎಂಟು ತಿಂಗಳಿದೆ ಅವರಿಗೆ. ಜಗಲಿಯ ಮೇಲೆ ಕೂತು ಸರ್ವಿಸ್ ರಿಜಿಸ್ಟರಿನ ನಕಲು, ಆಧಾರ್, ಪಾಸ್‌ಬುಕ್ಕು ಮೂರನ್ನೂ ಹರವಿದೆವು. ಅವರ ಹೆಸರು ಮೂರರಲ್ಲೂ ಸರಿಯಾಗಿತ್ತು. ಅವರ ಮನೆಯವರ ಹುಟ್ಟಿದ ವರ್ಷ ಒಂದರಲ್ಲಿ 1966, ಇನ್ನೊಂದರಲ್ಲಿ 1968.

"ಯಾವ್ದಮ್ಮಾ ಸರಿ?" ಅಂದೆ.

"ನಂಗೇನು ಗೊತ್ತಣ್ಣಾ, ನಮ್ಮಮ್ಮ ಬರಗಾಲದ ವರ್ಸ ಅಂತಿದ್ಳು" ಅಂದರು ಆ ತಾಯಿ, ಕಾಫಿ ಲೋಟ ಇಡುತ್ತಾ.

ಮೇಷ್ಟ್ರು ಆಕೆ ಓದಿದ ಶಾಲೆಯ ದಾಖಲಾತಿ ಪುಸ್ತಕ ನೋಡಲು ಶಿರಾ ತಾಲ್ಲೂಕಿನ ಅವರ ತವರಿಗೆ ಹೋಗಿ ಬರುತ್ತೇನೆ ಅಂದಿದ್ದಾರೆ. ಸೋಮವಾರ ಇಬ್ಬರೂ ಮಡಕಶಿರಾಕ್ಕೆ ಹೋಗಿ ಜಂಟಿ ಫೋಟೊ ತೆಗೆಸುವುದಿದೆ. ನೆಲ ನೋಡಬೇಡಿ, ಕ್ಯಾಮೆರಾ ನೋಡಿ ಅಂತ ಆಯಮ್ಮನಿಗೆ ಹೇಳಿ ಬಂದಿದ್ದೇನೆ.